ನಳಿಗೆಯ ಗುಣ

ಕೋವಿಯನ್ನು ಕೊಳ್ಳಹೋದವನ ಕಣ್ಣು ಮೊದಲು ಬೀಳುವುದು ಅದರ ಮರದ ಹಿಡಿಯ ಮೇಲೆ, ಕುದುರೆಯ ಕೆತ್ತನೆಯ ಮೇಲೆ, ಬೆಳ್ಳಿಯ ಕಟ್ಟಿನ ಮೇಲೆ. ಗುಂಡಿಗೆ ದಾರಿ ತೋರಿಸುವುದು ಇವುಗಳಲ್ಲಿ ಯಾವುದೂ ಅಲ್ಲ. ಎರಡು ಎರಡೂವರೆ ಅಡಿಯುದ್ದದ ಒಂದು ಕಬ್ಬಿಣದ ನಳಿಗೆ, ಅದರಲ್ಲಿಯೂ ಹೊರಗಿನವರ ಕಣ್ಣಿಗೆ ಬೀಳದ ಅದರ ಒಳಮೈ, ಗುರಿಯ ಸಾಧನೆಗೆ ಮುಖ್ಯ ಕಾರಣವಾಗಿರುವುದು. ಹಣ ಕಡಮೆಯಿದ್ದವನಿಗೆ ಈ ವಿಚಾರವು ಹಣವುಳ್ಳವನಿಗಿಂತ ಹೆಚ್ಚು ಅವಶ್ಯಕವಾದುದು. ಏಕೆಂದರೆ ಅವನು ಒಂದೇ ಸಲ ಕೊಳ್ಳಬಲ್ಲನು.

ಮೈಸೂರು ಸೀಮೆಗೆ ಈ ವಿದ್ಯೆಯು ಹೊಸತಲ್ಲ. ನೆಲಮಂಗಲದ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ ಇಂದು ದಾಬಸ್‌ಪೇಟೆಯ ಸುತ್ತ ದೊಡ್ಡ ಕೈಗಾರಿಕಾ ಪ್ರದೇಶವೇ ಎದ್ದಿರುವುದಷ್ಟೆ. ಆ ಕಾರ್ಖಾನೆಗಳ ಹಿಂದೆ ಕಾಣುವ ಶಿವಗಂಗೆಯ ಬೆಟ್ಟವನ್ನು ಬಳಸಿ ದಕ್ಷಿಣಕ್ಕೆ ನಡೆದರೆ ಮಾಗಡಿಯ ಸೀಮೆ. ಅಲ್ಲಿ ಕಬ್ಬಿಣದ ಕುಲುಮೆಗಳು ಉರಿಯುತ್ತಿದ್ದುದನ್ನು, ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಕಂಡು ಬರೆದಿಟ್ಟನು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನಿಟ್ಟು, ಜತೆಗೆ ತಂಗಡಿಯ ಕಡ್ಡಿಯನ್ನೂ ಹಸಿಯ ಎಲೆಗಳನ್ನೂ ಸೇರಿಸಿ, ಬಾಯಿ ಮುಚ್ಚಿ ಕಾಸಿ ಉಕ್ಕು ಮಾಡುತ್ತಿದ್ದರು. ಕಲ್ಲುಕುಟಿಗರ ಉಳಿಗೂ ಕತ್ತಿಯ ಅಲಗಿಗೂ ಈ ಉಕ್ಕು ಒದಗುತ್ತಿದ್ದಿತು. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿಯು ವೀಣೆಯೇ ಮೊದಲಾದ ವಾದ್ಯಗಳಿಗೆಂದು ದೂರದೇಶಗಳಿಗೂ ಹೋಗುತ್ತಿದ್ದಿತು.

ಆದರೆ ತಂತಿಗೆ ಒಳ್ಳೆಯದಾದುದೆಲ್ಲ ನಳಿಗೆಗೆ ಒಳ್ಳೆಯದಲ್ಲ. ಬಿರುಸಾದ ಉಕ್ಕು ಮದ್ದಿನ ಒತ್ತಡಕ್ಕೆ ಗಾಜಿನಂತೆ ಒಡೆಯುವುದು. ನಳಿಗೆಗೆ ಬೇಕಾದುದು ಒಡೆಯದೆ ಬಾಗುವ ಮಿದುಗಬ್ಬಿಣ. ಆದುದರಿಂದ ನಮ್ಮ ದೇಶದ ಒಳ್ಳೆಯ ಕಮ್ಮಾರರು ಕಬ್ಬಿಣದ ಪಟ್ಟಿಯನ್ನು ಸರಳಿನ ಸುತ್ತಲೂ ಹಂಬಿನಂತೆ ಸುತ್ತಿ, ಕಾಸಿ ಬಡಿದು ಬೆಸೆಯುತ್ತಿದ್ದರು. ಉದ್ದಕ್ಕೆ ಒಂದೇ ಬೆಸುಗೆಯಿದ್ದರೆ ನಳಿಗೆಯು ಆ ಗೆರೆಯಲ್ಲಿ ಸೀಳಿಹೋಗುವ ಭಯವುಂಟು. ಸುತ್ತಿದ ನಳಿಗೆಗೆ ಆ ಭಯ ಕಡಮೆ. ಇಂತಹ ಉದ್ದವಾದ, ಭಾರವಾದ ಬತ್ತಿಕೋವಿಗಳು ಆಂಗ್ಲೇಯ ಸಿಪಾಯಿಯ ಬಂದೂಕಿಗಿಂತ ದೂರಕ್ಕೆ ಹೊಡೆಯುತ್ತಿದ್ದುದನ್ನು ಶತ್ರುಗಳೇ ಒಪ್ಪಿಕೊಂಡಿರುವರು.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ಊರುಗಳಲ್ಲಿ ಆಯುಧಶಾಲೆಗಳನ್ನು ನಡೆಸಿದನು. ಅಲ್ಲಿಂದ ಹೊರಟ ಕಬ್ಬಿಣದ ಬಾಣಗಳ ಕೀರ್ತಿಯನ್ನು ಎಲ್ಲರೂ ಬಲ್ಲರು. 2018ರಲ್ಲಿ ನಗರದ ಒಂದು ಪಾಳುಬಾವಿಯಿಂದ ಅಂತಹ ಬಾಣದ ಕೊಳವೆಗಳು ಸಾವಿರದಷ್ಟು ದೊರೆತುವು. ಅವನ ಚಕಮಕಿ ಕೋವಿಗಳು ಕೆಲವು ಇಂದಿಗೂ ಇಂಗ್ಲೆಂಡಿನ ರಾಜಸಂಗ್ರಹದಲ್ಲಿಯೂ ಇತರ ಸಂಗ್ರಹಾಲಯಗಳಲ್ಲಿಯೂ ಇವೆ. ಹುಲಿಯ ಮೊಗದ ಕುದುರೆ, ಹುಲಿಪಟ್ಟೆಯ ಗುರುತು, ಚಿನ್ನದ ಕುಸುರಿ ಇವುಗಳನ್ನು ನೋಡುವವರು ಬಹಳ. ಬಗ್ಗಿ ನಳಿಗೆಯೊಳಗೆ ನೋಡುವವರು ವಿರಳ. ಹರಾಜಿನಲ್ಲಿ ಬೆಲೆ ಏರುವುದೂ ಹುಲಿಗೇ ಹೊರತು ನಳಿಗೆಯನ್ನು ಬೆಸೆದ ಕೈಗಲ್ಲ. ಇದು ವಿಷಾದದ ಸಂಗತಿಯಾದರೂ ಕೊಳ್ಳುವವರ ಸ್ವಭಾವವು ಎಲ್ಲ ಕಾಲದಲ್ಲಿಯೂ ಒಂದೇ.

ಆ ಕೋವಿಗಳು ಬಹುಮಟ್ಟಿಗೆ ನುಣುಪಾದ ಒಳಮೈಯುಳ್ಳವು. ನಳಿಗೆಯೊಳಗೆ ಸುರುಳಿಗೆರೆಗಳನ್ನು ತೋಡಿದರೆ ಗುಂಡು ಬುಗುರಿಯಂತೆ ತನ್ನ ಸುತ್ತ ತಾನೇ ತಿರುಗುತ್ತ ನೇರವಾಗಿ ಹೋಗುವುದೆಂಬುದನ್ನು ಯೂರೋಪಿನ ಬೇಟೆಗಾರರು ಅನುಭವದಿಂದ ಅರಿತಿದ್ದರು. ಅದಕ್ಕೆ ಶಾಸ್ತ್ರದ ಆಧಾರವನ್ನು ಕೊಟ್ಟವನು ಬೆಂಜಮಿನ್ ರಾಬಿನ್ಸನು. 1742ರಲ್ಲಿ ಗುಂಡಿನ ಗತಿಯ ವಿಷಯವಾಗಿ ಹೆಸರಾಂತ ಗ್ರಂಥವನ್ನು ಪ್ರಕಟಿಸಿ, ಸುರುಳಿಗೆರೆಯ ನಳಿಗೆಯನ್ನು ಪೂರ್ಣವಾಗಿ ಅರಿತು ಬಳಸುವ ರಾಷ್ಟ್ರಕ್ಕೆ ಯುದ್ಧದಲ್ಲಿ ಮೇಲುಗೈ ಖಂಡಿತವೆಂದು ಅವನು ಹೇಳಿದನು. ವಿಚಿತ್ರವೆಂದರೆ ಅವನು ಕಂಪನಿಯ ಕೋಟೆಗಳನ್ನು ಬಲಪಡಿಸಲು ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಟಿಪ್ಪುವು ಹುಟ್ಟಿದುದೂ ಸುಮಾರು ಆ ಕಾಲದಲ್ಲಿಯೇ.

ಗುಣಕ್ಕೂ ಬೆಲೆಗೂ ನಡೆದ ವ್ಯಾಜ್ಯದಲ್ಲಿ ವಿಟ್ವರ್ತನ ಕೋವಿಯ ಕಥೆಯು ಮನನೀಯವಾದುದು. ಯಂತ್ರನಿರ್ಮಾಣದಲ್ಲಿ ಸೂಕ್ಷ್ಮ ಅಳತೆಗೆ ಪ್ರಸಿದ್ಧನಾದ ಜೋಸೆಫ್ ವಿಟ್ವರ್ತನು ಆರು ಮೂಲೆಯ ಒಳಮೈಯುಳ್ಳ ನಳಿಗೆಯನ್ನು ಮಾಡಿದನು. ಆಗಿನ ಸೈನ್ಯದ ಎನ್‌ಫೀಲ್ಡ್ ಕೋವಿಯಲ್ಲಿ ಸುರುಳಿಯು 78 ಅಂಗುಲಕ್ಕೆ ಒಂದು ಸುತ್ತು. ಇವನದರಲ್ಲಿ 20 ಅಂಗುಲಕ್ಕೆ ಒಂದು ಸುತ್ತು. 1857ರ ಪರೀಕ್ಷೆಯಲ್ಲಿ ವಿಟ್ವರ್ತನ ನಳಿಗೆಯು ಎನ್‌ಫೀಲ್ಡನ್ನು ಬಹಳ ಹಿಂದಿಕ್ಕಿತು. 1860ರಲ್ಲಿ ವಿಂಬಲ್ಡನ್ನಿನಲ್ಲಿ ವಿಕ್ಟೋರಿಯಾ ರಾಣಿಯು ಅದೇ ಕೋವಿಯಿಂದ 400 ಗಜದ ಗುರಿಗೆ ಹೊಡೆದಾಗ ಗುಂಡು ನಡುವಿನಿಂದ ಒಂದೂಕಾಲು ಅಂಗುಲದ ಒಳಗೇ ಬಿದ್ದಿತು. ಆದರೂ ಸೈನ್ಯವು ಅದನ್ನು ಕೊಳ್ಳಲಿಲ್ಲ. ಬೆಲೆಯು ಎನ್‌ಫೀಲ್ಡಿನ ಹಲವು ಪಟ್ಟಾಗಿದ್ದಿತು. ಮದ್ದಿನ ಮಸಿ ಕಟ್ಟಿಕೊಂಡರೆ ಗುಂಡು ತುಂಬುವುದೂ ಕಷ್ಟ. ಸೈನ್ಯದ ಈ ನಿರ್ಣಯವನ್ನು ಜಿಪುಣತನವೆನ್ನಲಾಗದು. ಎಲ್ಲಕ್ಕೂ ಮೇಲಾದ ನಳಿಗೆ ಬೇರೆ, ತನ್ನ ಕೆಲಸಕ್ಕೂ ತನ್ನ ಕೈಚೀಲಕ್ಕೂ ಒಪ್ಪುವ ನಳಿಗೆ ಬೇರೆ.

ನಳಿಗೆಯು ಮದ್ದಿಗೂ ಒಪ್ಪಬೇಕು. 1888ರಲ್ಲಿ ಆಂಗ್ಲೇಯರು ಸ್ವೀಕರಿಸಿದ .303 ಕೋವಿಯಲ್ಲಿ ಮೆಟ್‌ಫರ್ಡನು ಯೋಚಿಸಿದ ಆಳವಿಲ್ಲದ ಗೆರೆಗಳಿದ್ದುವು. ಕರಿಮದ್ದಿಗೆ ಅವು ಬಹಳ ಅನುಕೂಲ. ಅನಂತರ ಕಾರ್ಡೈಟೆಂಬ ಬಿಸಿಯಾದ ಮದ್ದು ಬರಲು ಆ ಗೆರೆಗಳು ಬೇಗನೆ ಸವೆದುಹೋದುವು. 1895ರಲ್ಲಿ ಆಳವಾದ ಐದು ಗೆರೆಗಳನ್ನು ತೋಡಬೇಕಾಯಿತು. ಬಂಗಾಳದ ಈಷಾಪುರದ ಕಾರ್ಖಾನೆಯು 20ನೆಯ ಶತಮಾನದಲ್ಲಿ ನಮ್ಮ ದೇಶಕ್ಕಾಗಿ ಮಾಡಿದ ಕೋವಿಗಳು ಈ ವಂಶದವೇ.

ಸುರುಳಿಯು ಎಷ್ಟು ತೀವ್ರವಾಗಿರಬೇಕೆಂಬುದನ್ನು ಗ್ರೀನ್‌ಹಿಲ್ ಎಂಬ ಗಣಿತಜ್ಞನು 1879ರಲ್ಲಿ ಒಂದು ಸುಲಭ ಸೂತ್ರದಲ್ಲಿ ಹೇಳಿದನು. ಗುಂಡಿನ ಉದ್ದವು ಅದರ ದಪ್ಪದ ಎಷ್ಟು ಪಟ್ಟೋ ಆ ಸಂಖ್ಯೆಯಿಂದ 150ನ್ನು ಭಾಗಿಸಬೇಕು. ಬಂದಷ್ಟು ದಪ್ಪಗಳ ಉದ್ದಕ್ಕೆ ಒಂದು ಸುತ್ತು. .303 ಅಂಗುಲ ದಪ್ಪದ ಗುಂಡು ತನ್ನ ದಪ್ಪದ ನಾಲ್ಕರಷ್ಟು ಉದ್ದವಿದ್ದರೆ ಸುಮಾರು 11 ಅಂಗುಲಕ್ಕೆ ಒಂದು ಸುತ್ತು ಬೇಕಾಗುವುದು; ಸೈನ್ಯದವರು 10 ಅಂಗುಲವನ್ನು ಇಟ್ಟುಕೊಂಡರು. ತಾನು ಹೊಡೆಯುವ ಗುಂಡು ಯಾವುದೆಂಬುದನ್ನು ನಿಶ್ಚಯಿಸದೆ ನಳಿಗೆಯನ್ನು ಕೊಳ್ಳುವವನು ಪಾದದ ಅಳತೆ ತಿಳಿಯದೆ ಜೋಡು ಕೊಂಡವನ ಹಾಗೆ.

ಈಗಿನ ನಳಿಗೆಗಳಲ್ಲಿ ಗೆರೆ ತೋಡುವ ಬಗೆ ಮುಖ್ಯವಾಗಿ ಮೂರು. ಒಂದೇ ಉಳಿಯಿಂದ ಸಾವಕಾಶವಾಗಿ ಕೆರೆದು ತೆಗೆಯುವುದು ಹಳೆಯದು. ಹೊತ್ತು ಹೆಚ್ಚು ಹಿಡಿಯುವುದರಿಂದ ಬೆಲೆಯೂ ಹೆಚ್ಚು. ಬಿರುಸಾದ ಲೋಹದ ಗುಂಡಿಯನ್ನು ನಳಿಗೆಯೊಳಗೆ ಎಳೆದು ಗೆರೆಗಳನ್ನು ಒತ್ತುವುದು ಎರಡನೆಯದು. ಕೆಲಸ ಬೇಗ, ಬೆಲೆ ಇಳಿವು. ಗೆರೆಯಚ್ಚಿನ ಸರಳಿನ ಮೇಲೆ ನಳಿಗೆಯನ್ನು ಸುತ್ತಿಗೆಗಳಿಂದ ಬಡಿಯುವ ಮೂರನೆಯದು 1930ರ ದಶಕದ ಕೊನೆಗೆ ಜರ್ಮನಿಯಲ್ಲಿ ಬೆಳೆಯಿತು; ಯಂತ್ರಕ್ಕೆ ಅಪಾರ ಹಣ ಬೇಕು, ಸಾವಿರಗಟ್ಟಲೆ ಮಾಡಿದರೆ ಮಾತ್ರ ಒಂದೊಂದು ಅಗ್ಗ. ಕೆರೆದ ನಳಿಗೆಯೇ ಶ್ರೇಷ್ಠವೆಂದು ಹಠ ಹಿಡಿಯುವವರುಂಟು. ಗುರಿಯ ಹಲಗೆಗೆ ಈ ಭೇದವು ತಿಳಿಯದು. ಶ್ರದ್ಧೆಯಿಂದ ಒತ್ತಿ, ಒಳಮೈಯನ್ನು ಚೆನ್ನಾಗಿ ಉಜ್ಜಿದ ನಳಿಗೆಯು ಅಸಡ್ಡೆಯಿಂದ ಕೆರೆದುದಕ್ಕಿಂತ ಎಷ್ಟೋ ಮೇಲು. ಮಿತವ್ಯಯಿಗೆ ಅದೇ ತಕ್ಕುದು.

ಪರೀಕ್ಷೆಗೆ ಹಳಬರ ಉಪಾಯಗಳು ಇಂದಿಗೂ ಸಲ್ಲುತ್ತವೆ. ಬರಿದುಮಾಡಿದ ನಳಿಗೆಯನ್ನು ಕೋವಿಯಿಂದ ಬಿಡಿಸಿ ಬೆಳಕಿಗೆ ಹಿಡಿದು, ಒಳಗೆ ಬೀಳುವ ನೆರಳಿನ ಗೆರೆಯು ನೇರವಾಗಿದೆಯೋ ಮುರಿದಿದೆಯೋ ನೋಡುವುದು ಒಂದು. ಬಂದೂಕಿನ ಕಮ್ಮಾರರು ಸೊಟ್ಟವನ್ನು ತಿದ್ದುತ್ತಿದ್ದುದೂ ಈ ನೆರಳನ್ನು ನಂಬಿಯೇ. ಮಿದುವಾದ ಸೀಸದ ಗುಂಡನ್ನು ಸರಳಿನಿಂದ ಮೆಲ್ಲಗೆ ನೂಕುತ್ತ ಕೈಗೆ ತಾಗುವ ಬಿಗಿತವನ್ನು ಗಮನಿಸುವುದು ಇನ್ನೊಂದು. ಉದ್ದಕ್ಕೂ ಒಂದೇ ಬಿಗಿ ಇರಬೇಕು. ಬಾಯ ಕಡೆಗೆ ತುಸು ಹೆಚ್ಚಿದರೆ ಒಳ್ಳೆಯದು, ಸಡಿಲವಾದರೆ ಆ ನಳಿಗೆಯನ್ನು ಬಿಡುವುದೇ ಲೇಸು. ಬಾಯಂಚಿನಲ್ಲಿ ಸಣ್ಣ ಗಾಯವಿದ್ದರೂ ಮದ್ದಿನ ಹೊಗೆಯು ಒಂದು ಪಕ್ಕಕ್ಕೆ ನುಗ್ಗಿ ಗುಂಡನ್ನು ದಾರಿ ತಪ್ಪಿಸುವುದು. .22 ಕೋವಿಯಾದರೆ ಒಂದೇ ನಳಿಗೆಯಲ್ಲಿ ಬೇರೆ ಬೇರೆ ತಯಾರಿಕೆಯ ತೋಟೆಗಳನ್ನು ಹೊಡೆದು ನೋಡಬೇಕು. ಸಾಧಾರಣ ನಳಿಗೆಯು ತನಗೆ ಒಗ್ಗಿದ ತೋಟೆಯನ್ನು ಕಂಡುಕೊಂಡರೆ ದುಬಾರಿಯ ನಳಿಗೆಯನ್ನು ನಾಚಿಸುವುದುಂಟು. ಆ ಸಣ್ಣ ತೋಟೆಯ ನಳಿಗೆಯು ತಲೆಮಾರಿನವರೆಗೆ ಬಾಳುವುದು. ವೇಗವಾದ ದೊಡ್ಡ ತೋಟೆಯದಾದರೆ ಕೆಲವು ಸಾವಿರ ಗುಂಡಿಗೆ ಬೆಂದು ಸವೆಯುವುದು. 50 ಮೀಟರಿನ ಪಂದ್ಯದಲ್ಲಿ ಹತ್ತು ಅಂಕದ ವೃತ್ತವು 10.4 ಮಿಲಿಮೀಟರು ಮಾತ್ರ ಅಗಲವೆಂಬುದನ್ನು ನೆನೆದರೆ ಈ ಸೂಕ್ಷ್ಮಗಳೆಲ್ಲ ಅತಿಯೆನಿಸವು. 1959ರ ಆಯುಧಗಳ ಕಾಯಿದೆಯಂತೆ ನಳಿಗೆಯ ಕ್ರಯವಾಗಲಿ ಬದಲಾವಣೆಯಾಗಲಿ ಪರವಾನಗಿಯ ಕಟ್ಟಳೆಗೆ ಒಳಪಟ್ಟೇ ನಡೆಯತಕ್ಕದ್ದು.

ಕನ್ನಡನಾಡಿನಲ್ಲಿ ಕೋವಿಯು ಮನೆಯ ವಸ್ತುವಾಗಿ ಉಳಿದಿರುವುದು ಕೊಡಗಿನಲ್ಲಿ. 1861ರಲ್ಲಿ ಮಾರ್ಕ್ ಕಬ್ಬನ್ನನು ಕೊಡವರಿಗೆ ಆಯುಧದ ನಿರ್ಬಂಧದಿಂದ ವಿನಾಯಿತಿ ಕೊಟ್ಟನು. 2019ರಲ್ಲಿ ಅದು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೈಲ್ ಮುಹೂರ್ತದಂದು ಕೋವಿಗಳನ್ನು ತೊಳೆದು ಒರಸಿ ಪೂಜೆಗಿಡುವರು. ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಆ ದಿನ ನಳಿಗೆಯ ಬಾಯಿಗೆ ಸಿಕ್ಕಿಸುವ ಅಗ್ನಿಶಿಖೆಯ ಹೂವಿಗೆ ಅಲ್ಲಿಯವರು ತೋಕ್ ಪೂ, ಎಂದರೆ ಕೋವಿಯ ಹೂವು, ಎಂದು ಹೆಸರಿಟ್ಟಿರುವರು.