ಟೇಲರ್ ಸಾಹೇಬರ ಇಪ್ಪತ್ತಮೂರು ವರ್ಷಗಳ ಮೌನ

ಬರೆಯಬಲ್ಲವನ ಲೇಖನಿಯು ಒಂದು ದಿನ ತಾನಾಗಿಯೇ ನಿಂತುಹೋಗುವುದುಂಟು. ಕಾಗದವಿದೆ, ಮಸಿಯಿದೆ, ಹೇಳಬೇಕೆಂಬ ಆಸೆಯೂ ಇದೆ. ವಾಕ್ಯ ಮಾತ್ರ ಬಾರದು. ಕಾದಂಬರಿಕಾರನಿಗೆ ಈ ವಿಪತ್ತು ಕವಿಗಿಂತ ಕಠಿನವಾದುದು. ಕವಿಯು ಒಂದು ಗಳಿಗೆಯ ಸ್ಫೂರ್ತಿಯಿಂದ ಒಂದು ಪದ್ಯವನ್ನಾದರೂ ಕಟ್ಟಿಯಾನು. ಕಾದಂಬರಿಗಾದರೋ ತಿಂಗಳುಗಟ್ಟಲೆ ಕದಡದ ಮನಸ್ಸು ಬೇಕು. ಈ ಸಂಕಟಕ್ಕೆ ಉಪದೇಶ ಹೇಳುವವರು ಬಹುಮಂದಿ. ನಾವು ಉಪದೇಶವನ್ನು ಬದಿಗಿಟ್ಟು, ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದಕ್ಕೆ ನಿದರ್ಶನವುಂಟೇ ಎಂದು ವಿಚಾರಿಸೋಣ.

ಇಂದಿನ ಯಾದಗಿರಿ ಜಿಲ್ಲೆಯ ಕಡೇಚೂರಿನಿಂದ ಭೀಮಾನದಿಯನ್ನು ದಾಟಿ ಪಶ್ಚಿಮಕ್ಕೆ ನಡೆದರೆ ಶಹಾಪುರ, ಸುರಪುರಗಳ ಸೀಮೆ ದೊರೆಯುತ್ತದೆ. ಹೆಬ್ಬಂಡೆಗಳ ಗುಡ್ಡಗಳು, ಕಪ್ಪು ಎರೆಯ ಹೊಲಗಳು, ದಕ್ಷಿಣಕ್ಕೆ ಕೃಷ್ಣೆ. ಸುರಪುರದ ಗುಡ್ಡವೊಂದರ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ಅದನ್ನು ಕಟ್ಟಿಸಿಕೊಂಡು ಅಲ್ಲಿ ವಾಸವಾಗಿದ್ದವರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಇನ್ನೂ ಹದಿನಾರು ತುಂಬುವ ಮೊದಲೇ ಮುಂಬಯಿಗೆ ಬಂದಿಳಿದು, ಹೈದರಾಬಾದಿನ ನಿಜಾಮರ ಸೇವೆಗೆ ಸೇರಿದ ಈ ಹುಡುಗನು ಮುಂದೆ ಹೆಸರಾಂತ ಕಾದಂಬರಿಕಾರನಾದನು.

ಅವರ ಮೊದಲ ಕಾದಂಬರಿ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ‘ಕನ್ಫೆಷನ್ಸ್ ಆಫ್ ಎ ಥಗ್’, 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಿದ್ದು ಅಪಾರ ಕೀರ್ತಿಯನ್ನು ತಂದಿತು. ಮರುವರ್ಷವೇ ಮೈಸೂರು ಯುದ್ಧವನ್ನು ವಸ್ತುವಾಗಿ ಮಾಡಿಕೊಂಡ ‘ಟಿಪ್ಪೂ ಸುಲ್ತಾನ್’ ಪ್ರಕಟವಾಯಿತು. ಗ್ರಂಥಕರ್ತನಿಗೆ ಆಗ ಮೂವತ್ತೆರಡು ವರ್ಷ. ಇಂಥವನಿಂದ ವರ್ಷಕ್ಕೊಂದು ಕಾದಂಬರಿಯನ್ನು ನಿರೀಕ್ಷಿಸುವುದು ಸಹಜ. ಆದರೆ ಮೂರನೆಯ ಕಾದಂಬರಿ ‘ತಾರಾ’ ಬೆಳಕು ಕಂಡದ್ದು 1863ರಲ್ಲಿ. ನಡುವೆ ಕಳೆದುವು ಇಪ್ಪತ್ತಮೂರು ವರ್ಷಗಳು. ಈ ದೀರ್ಘ ಮೌನದ ಹೆಚ್ಚಿನ ಭಾಗ ಕಳೆದದ್ದು ಸುರಪುರದಲ್ಲಿ.

ಕಾರಣವೇನು? ಮೊದಲನೆಯದು ಕೆಲಸದ ಭಾರ. 1841ರಲ್ಲಿ ಸುರಪುರದ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡು, ಬಾಲಕನಾದ ವೆಂಕಟಪ್ಪ ನಾಯಕನು ಪಟ್ಟಕ್ಕೆ ಬಂದನು. ತಾಯಿ ರಾಣಿ ಈಶ್ವರಮ್ಮನವರಿಗೂ ಅರಸನ ಚಿಕ್ಕಪ್ಪನಿಗೂ ಅಧಿಕಾರಕ್ಕಾಗಿ ಸ್ಪರ್ಧೆ. ಬೊಕ್ಕಸದ ತುಂಬ ಸಾಲ. ಈ ಸಂಸ್ಥಾನವನ್ನು ನೋಡಿಕೊಳ್ಳಲು ಟೇಲರ್ ನೇಮಕವಾದರು. ಕಂದಾಯದ ನಿರ್ಣಯ, ನ್ಯಾಯವಿಚಾರಣೆ, ರಸ್ತೆ, ಬೋನಾಳದ ಕೆರೆಯ ಕೆಲಸ ಎಲ್ಲವೂ ಅವರ ಹೆಗಲಿಗೆ ಬಿದ್ದುವು. ಎರಡನೆಯದು ಏಕಾಂತ ಮತ್ತು ದುಃಖ. 1844ರಲ್ಲಿ ಪತ್ನಿ ಮೇರಿ ತೀರಿಕೊಂಡರು; ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿ.

ಆದರೆ ಈ ಮೌನದ ಒಳಗೆ ಇಣಿಕಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಿಂತಿದ್ದುದು ಕಾದಂಬರಿಯೇ ಹೊರತು ಲೇಖನಿಯಲ್ಲ. 1840ರಿಂದ 1853ರವರೆಗೆ ಅವರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಸುದ್ದಿಗಾರರಾಗಿದ್ದರು. ಸರಕಾರಕ್ಕೆ ವರದಿಗಳು, ಮನೆಗೆ ಪತ್ರಗಳು ನಿಲ್ಲಲಿಲ್ಲ. ರಾಜನಕೋಳೂರು, ಜೇವರ್ಗಿ ಮುಂತಾದೆಡೆ ಬಯಲಿನಲ್ಲಿದ್ದ ಕಲ್ಗೋರಿಗಳನ್ನು ಕಂಡು, ಅಗೆದು, ಅಳೆದು, ಚಿತ್ರಿಸಿ, ಅವುಗಳನ್ನು ಕುರಿತು ವಿದ್ವತ್‌ಪತ್ರಿಕೆಯಲ್ಲಿ ಲೇಖನಗಳನ್ನು ಪ್ರಕಟಿಸಿದರು. ದಕ್ಷಿಣ ಇಂಡಿಯಾದ ಬೃಹತ್ ಶಿಲಾಸಮಾಧಿಗಳ ಅಭ್ಯಾಸಕ್ಕೆ ತಳಹದಿ ಹಾಕಿದವರಲ್ಲಿ ಅವರೊಬ್ಬರು. ಕಥೆ ಹೊಳೆಯದಿದ್ದಾಗ ಅವರು ಕಣ್ಣೆದುರಿನ ಕಲ್ಲನ್ನು ವರ್ಣಿಸಿದರೆಂಬುದನ್ನು ಕಥೆಗಾರರು ಗಮನಿಸತಕ್ಕದ್ದು. ಕಲ್ಪನೆಯು ಬಳಲಿದಾಗಲೂ ನಿರೀಕ್ಷಣೆಯು ಬಳಲಬೇಕಾಗಿಲ್ಲ.

1853ರಲ್ಲಿ ಪ್ರಾಪ್ತವಯಸ್ಕನಾದ ಅರಸನಿಗೆ ಆಡಳಿತವು ಒಪ್ಪಿತವಾಗಿ, ಟೇಲರ್ ನಳದುರ್ಗ ಸೀಮೆಗೆ ಹೋದರು. ತುಳಜಾಪುರದ ಭವಾನಿಯ ಕ್ಷೇತ್ರವು ಆ ಸೀಮೆಯಲ್ಲಿಯೇ ಇದ್ದಿತು. ಮುಂದೆ ‘ತಾರಾ’ ಕಾದಂಬರಿಯ ನಾಯಿಕೆಯು ತುಳಜಾಪುರದ ಬ್ರಾಹ್ಮಣ ಕನ್ಯೆಯಾದಳು. ನಳದುರ್ಗ, ಬಿಜಾಪುರಗಳು ಕಥೆಯ ರಂಗಭೂಮಿಯಾದುವು. ಹೀಗೆ ಬರೆಯದೆ ಕಳೆದ ವರ್ಷಗಳೇ ಬರವಣಿಗೆಗೆ ಸಾಮಗ್ರಿಯನ್ನು ಒದಗಿಸಿದುವು. ಅನಾರೋಗ್ಯದಿಂದ 1860ರಲ್ಲಿ ಇಂಡಿಯಾವನ್ನು ಬಿಟ್ಟು ಸ್ವದೇಶಕ್ಕೆ ಮರಳಿದ ಮೇಲೆಯೇ ಅದು ಗ್ರಂಥರೂಪಕ್ಕೆ ಬಂದಿತು. ‘ತಾರಾ’ದ ಕಾಲ 1657, 1865ರ ‘ರಾಲ್ಫ್ ಡಾರ್ನೆಲ್’ ಕಾದಂಬರಿಯದು 1757, 1872ರ ‘ಸೀತಾ’ದ್ದು 1857. ನೂರು ನೂರು ವರ್ಷಗಳ ಅಂತರದ ಮೂರು ಸಂಧಿಕಾಲಗಳನ್ನು ಹಿಡಿಯುವ ಇಂಥ ದೃಷ್ಟಿಯು, ಅವಸರದಿಂದ ವರ್ಷಕ್ಕೊಂದು ಬರೆಯುವವನಿಗೆ ಸುಲಭವಾಗಿ ದಕ್ಕುವಂಥದಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಮಾತು ಹಿತವಾಗಿ ಮುಗಿದೀತು. ಆದರೆ ಚರಿತ್ರೆಯು ಅಷ್ಟಕ್ಕೆ ಬಿಡುವುದಿಲ್ಲ. ಟೇಲರ್ ಸಾಕಿ ಬೆಳೆಸಿದ ವೆಂಕಟಪ್ಪ ನಾಯಕನು ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1858ರ ಫೆಬ್ರವರಿಯಲ್ಲಿ ಸುರಪುರವು ಬ್ರಿಟಿಷರ ಮೇಲೆ ಎದ್ದಿತು. ಹೋರಾಟವು ಸೋತು, ಅರಸನು ಹೈದರಾಬಾದಿನಲ್ಲಿ ಸೆರೆಸಿಕ್ಕನು. ಟೇಲರ್ ಬಂದಿಯಾದ ಅವನನ್ನು ಕಂಡು ಮಾತನಾಡಿದರು. ಶಿಕ್ಷೆಯು ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು; ಆದರೆ ಸೆರೆಮನೆಗೆ ಸಾಗಿಸುವ ದಾರಿಯಲ್ಲಿ, ಕಾವಲಿನಲ್ಲಿದ್ದಾಗಲೇ, ಪಿಸ್ತೂಲಿನ ಗುಂಡಿನಿಂದ ಅವನ ಪ್ರಾಣ ಹೋಯಿತು. ಸುರಪುರದ ಸಂಸ್ಥಾನವೂ ಅಲ್ಲಿಗೆ ಮುಗಿಯಿತು.

ಒಬ್ಬ ಕಾದಂಬರಿಕಾರನಿಗೆ ಇದಕ್ಕಿಂತ ಗಂಭೀರವಾದ ವಸ್ತು ಬೇಕೆ? ಸಾಕಿದವನು ಪರರ ಅಧಿಕಾರಿ. ಸಾಕಿಸಿಕೊಂಡವನು ಆ ಪರರ ಮೇಲೆಯೇ ಕತ್ತಿ ಹಿರಿದವನು. ಆದರೂ 1857ರ ಕಾದಂಬರಿಯನ್ನು ಬರೆಯಲು ಕುಳಿತಾಗ ಟೇಲರ್ ಸುರಪುರವನ್ನು ಆರಿಸಲಿಲ್ಲ. ‘ಸೀತಾ’ದ ಕಥೆ ಬೇರೆ ಊರಿನಲ್ಲಿ ಬೇರೆ ಜನರ ನಡುವೆ ನಡೆಯುತ್ತದೆ. ವೆಂಕಟಪ್ಪನ ಅಂತ್ಯವನ್ನು ಅವರು ಹೇಳಿದ್ದು ಕಾದಂಬರಿಯಲ್ಲಲ್ಲ, ಮಗಳು ಆಲಿಸ್ ಅವರ ಮರಣಾನಂತರ 1877ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ. ಇದು ಬಿಡುವಿಲ್ಲದ್ದರಿಂದ ಬಂದ ಮೌನವಲ್ಲ. ಎದೆಗೆ ತೀರ ಹತ್ತಿರವಾದುದನ್ನು ಕಥೆಯಾಗಿಸಲಾರದ ಮೌನವೆಂದು ನಾವು ಭಾವಿಸುತ್ತೇವೆ. ಮೊದಲನೆಯದಕ್ಕೆ ಔಷಧ ಕಾಲ. ಎರಡನೆಯದಕ್ಕೆ ಬೇರೊಂದು ಬರವಣಿಗೆಯ ರೂಪ. ಕಥೆಯಾಗಿ ಬಾರದುದು ನೆನಪಾಗಿ, ಸಾಕ್ಷ್ಯವಾಗಿ ಬಂದೀತು, ಅದೂ ಸಾಹಿತ್ಯವೇ.

ಟೇಲರ್ ಕಡೆಗೂ ಈ ಸೀಮೆಯನ್ನು ಮರೆಯಲಿಲ್ಲ. ಅವರು 1876ರಲ್ಲಿ ಫ್ರಾನ್ಸಿನ ಮೆಂಟನ್ನಿನಲ್ಲಿ ಕಾಲವಾದರು. 1878ರಲ್ಲಿ ಹೊರಬಂದ, ಚಾಂದಬೀಬಿಯ ಕಾಲದ ‘ಎ ನೋಬಲ್ ಕ್ವೀನ್’ ಕಾದಂಬರಿಯಲ್ಲಿ ಕೃಷ್ಣಾತೀರದ ಜಲದುರ್ಗವೂ ಇಲ್ಲಿಯ ಬೇಡರೂ ಇದ್ದಾರೆ. ತನ್ನ ದುಃಖವನ್ನು ನೇರವಾಗಿ ಹೇಳಲಾರದವನು ಇನ್ನೂರೈವತ್ತು ವರ್ಷ ಹಿಂದಕ್ಕೆ ಸರಿದು, ಅದೇ ನೆಲವನ್ನೂ ಅದೇ ಜನರನ್ನೂ ಪ್ರೀತಿಯಿಂದ ಚಿತ್ರಿಸಿದನು.

ಇಂಥ ದೀರ್ಘ ವಿರಾಮವು ಅವರೊಬ್ಬರ ಪಾಲಿಗೆ ಬಂದದ್ದಲ್ಲ. ಫಾರ್ಸ್ಟರರು ಇಂಡಿಯಾವನ್ನು ಕುರಿತ ಕಾದಂಬರಿಯನ್ನು 1913ರಲ್ಲಿ ತೊಡಗಿ ನಡುವೆ ಕೈಬಿಟ್ಟು, 1921ರಲ್ಲಿ ದೇವಾಸ್ ಸಂಸ್ಥಾನದ ಮಹಾರಾಜರಲ್ಲಿ ಕಾರ್ಯದರ್ಶಿಯಾಗಿದ್ದು ಹಿಂದಿರುಗಿದ ಮೇಲೆ, 1924ರಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ ಎಂದು ಪ್ರಕಟಿಸಿದರು. ನಮ್ಮ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರದು, ‘ಮಲೆಗಳಲ್ಲಿ ಮದುಮಗಳು’ 1967ರದು. ನಡುವಣ ಮೂವತ್ತೊಂದು ವರ್ಷಗಳಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಎಂಬ ಮಹಾಕಾವ್ಯವೂ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿತ್ವವೂ ಸೇರಿವೆ. ಅದನ್ನು ಬಂಜೆತನವೆಂದು ಯಾರು ಕರೆದಾರು?

ಬರಹ ನಿಂತ ಲೇಖಕನು ತನ್ನನ್ನು ಹಳಿದುಕೊಳ್ಳುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು: ಈ ಮೌನ ಯಾವ ಜಾತಿಯದು? ಕೆಲಸದಿಂದ ಬಂದುದಾದರೆ, ಸಣ್ಣ ಬರವಣಿಗೆಯಿಂದ ಕೈಯನ್ನು ಹದವಾಗಿಟ್ಟುಕೊಂಡು ಕಾಯಲಿ. ವಸ್ತು ಬರಿದಾದುದರಿಂದ ಬಂದುದಾದರೆ, ಮೇಜನ್ನು ಬಿಟ್ಟೆದ್ದು ಊರು ನೋಡಲಿ, ಜನರ ಮಾತು ಕೇಳಲಿ. ನೋವಿನಿಂದ ಬಂದುದಾದರೆ, ಆ ಒಂದು ಕಥೆಯನ್ನು ಬಲವಂತಪಡಿಸದಿರಲಿ. ಸುರಪುರದ ಬಂಗಲೆಯಲ್ಲಿ ಕಥೆಯಿಲ್ಲದೆ ಹನ್ನೆರಡು ವರ್ಷ ಕಳೆದವನು ಐವತ್ತು ದಾಟಿದ ಮೇಲೆ ನಾಲ್ಕು ಕಾದಂಬರಿಗಳನ್ನು ಬರೆದನು. ನಿಂತದ್ದೆಲ್ಲ ಮುಗಿದದ್ದಲ್ಲ.