ವೋಚರ್ ಇಲ್ಲದ ಎಂಟ್ರಿ

ಮೊನ್ನೆ ಭಾನುವಾರ ನೌಪಾಡಾದ ಗೋಖಲೆ ರಸ್ತೆಯಲ್ಲಿ ಚಹಾ ಕುಡಿಯುತ್ತಾ ಗೆಳೆಯರೊಬ್ಬರು, "ಕ್ವಾಂಟಮ್ ಅಂದ್ರೆ ಏನ್ರೀ, ನಮ್ಮ ವೇದಾಂತಾನೇ ಅಲ್ವಾ? ಜರ್ಮನಿಯವರು ಓದಿ ಬರ್ಕೊಂಡ್ರು ಅಷ್ಟೆ" ಅಂದರು. ನನಗೆ ನಗು ಬರಲಿಲ್ಲ. ಮಗ ಕಾಲೇಜಿನಲ್ಲಿದ್ದಾಗ ನಾನೂ ಅವನಿಗೆ ಇದನ್ನೇ ಹೇಳಿದ್ದೆ. "ಯಾವ ಇಸವೀಲಿ ಓದಿದ್ರು ಅಪ್ಪಾ?" ಅಂತ ಕೇಳಿದ. ಉತ್ತರ ಇರಲಿಲ್ಲ. ಬ್ಯಾಂಕಿನವನಾಗಿ ವೋಚರ್ ಇಲ್ಲದೆ ಎಂಟ್ರಿ ಹಾಕಿದ್ದೆನಲ್ಲ ಅಂತ ನಾಚಿಕೆಯಾಯಿತು. ಆಮೇಲೆ ಕೂತು ತಾರೀಖು ಹುಡುಕಿದೆ.

ಹೈಸನ್‌ಬರ್ಗ್ ಅನಿಶ್ಚಿತತಾ ತತ್ವ ಪ್ರಕಟಿಸಿದ್ದು 1927ರಲ್ಲಿ. ಕಲ್ಕತ್ತೆಗೆ ಬಂದು ರವೀಂದ್ರನಾಥ ಠಾಕೂರರನ್ನು ಕಂಡದ್ದು 1929ರಲ್ಲಿ. ಆ ಭೇಟಿಯಿಂದ ತತ್ವ ಹುಟ್ಟಿತು ಅನ್ನುವಂತಿಲ್ಲ. ಶ್ರೋಡಿಂಗರ್ ಮಾತು ಬೇರೆ. ಅವರು ಶೋಪೆನ್‌ಹಾವರ್ ಓದಿ, ವೇದಾಂತಕ್ಕೆ ಮನಸೋತು, 1925ರಲ್ಲೇ ಅದರ ಬಗ್ಗೆ ಬರೆದಿದ್ದರು. ತರಂಗ ಸಮೀಕರಣ 1926ರದು. ತಾರೀಖು ಹೊಂದುತ್ತದೆ! ಆದರೆ ಆ ಸಮೀಕರಣ ನಿಂತದ್ದು 1924ರಲ್ಲಿ ಡಿ ಬ್ರಾಯ್ ಮಂಡಿಸಿದ ದ್ರವ್ಯತರಂಗದ ವಿಚಾರದ ಮೇಲೆ.

ಹಾಗಾದರೆ ಜ್ಞಾನಮೀಮಾಂಸೆಗೂ ಇದಕ್ಕೂ ನಂಟೇ ಇಲ್ಲವೇ? ಇದೆ, ವೋಚರ್ ಸಮೇತ ಇದೆ. ಕಾರ್ಯಕಾರಣ ನಿಯಮ ಅನುಭವದಿಂದ ಕಲಿತದ್ದಲ್ಲ, ಅದಿಲ್ಲದೆ ಅನುಭವವೇ ಸಾಧ್ಯವಿಲ್ಲ ಎಂದು ಕಾಂಟ್ 1781ರಲ್ಲಿ ವಾದಿಸಿದ್ದರು. ಕ್ವಾಂಟಮ್ ಅದನ್ನೇ ಅಲುಗಾಡಿಸಿತು. ಕಾಂಟ್ ಪಕ್ಷದ ಗಣಿತಜ್ಞೆ ಗ್ರೇಟೆ ಹರ್ಮನ್ 1934ರಲ್ಲಿ ಲೈಪ್ಜಿಗ್‌ಗೇ ಹೋಗಿ ಹೈಸನ್‌ಬರ್ಗ್ ಎದುರು ಕೂತು ವಾದ ಹೂಡಿದರು. ಅಳತೆಯಾದ ಮೇಲೆ ಕಾರಣವನ್ನು ಹಿಂದಕ್ಕೆ ಗುರುತಿಸಬಹುದು, ಮುಂಚಿತವಾಗಿ ಹೇಳಲಾಗದು ಅಷ್ಟೆ ಎಂದು 1935ರಲ್ಲಿ ಬರೆದರು. ಆ ಹಾದಿಯಲ್ಲೇ ಫಾನ್ ನಾಯ್ಮನ್‌ರ 1932ರ ಹೆಸರಾಂತ ಸಾಧನೆಯೊಂದರಲ್ಲಿ ದೋಷ ಹಿಡಿದರು. ಹೆಚ್ಚಿನವರು ಗಮನಿಸಲಿಲ್ಲ. ಅದೇ ದೋಷವನ್ನು ಜಾನ್ ಬೆಲ್ 1966ರಲ್ಲಿ ತೋರಿಸಿದಾಗಲೇ ಜನ ಕಿವಿಗೊಟ್ಟದ್ದು. ತತ್ವಶಾಸ್ತ್ರದ ಒಂದು ಹಟ ಭೌತಶಾಸ್ತ್ರದ ಲೆಕ್ಕ ತಪಾಸಣೆ ಮಾಡಿತ್ತು!

ನಮ್ಮ ನ್ಯಾಯದರ್ಶನ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಹೇಳುತ್ತದೆ. ಎರಡು ವಿಚಾರ ಒಂದೇ ಥರ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅನ್ನಲು ಅದರಲ್ಲೂ ಅವಕಾಶವಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು. ಆಮೇಲೆ ಬೆಂಗಳೂರಿನಲ್ಲಿ ವಿಜ್ಞಾನದ ತತ್ವಶಾಸ್ತ್ರಕ್ಕೇ ಕೂತರು. ಯಾರು ಮೊದಲು ಎಂಬ ಜಗಳಕ್ಕಿಂತ ಆ ದಾರಿ ನನಗೆ ಹಿತ.

ಗೆಳೆಯರಿಗೆ ಇಷ್ಟು ಹೇಳಿದೆ. ಮಗನಿಗೆ ಇನ್ನೂ ಹೇಳಬೇಕು. ಹಳೇ ಎಂಟ್ರಿ ರಿವರ್ಸ್ ಮಾಡೋದು ಬಾಕಿ ಇದೆ.