ತಣ್ಣಗಿನ ಎಂಜಿನ್ನಿನ ಮೂರು ತಾಪಗಳು: ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಗೇರ್ ಬದಲಾವಣೆ ಮತ್ತು ಎಂಜಿನ್ ವೇಗದ ಒಂದು ವಿವೇಚನೆ

ಬೆಳಗ್ಗೆ ಮೊದಲ ಸಲ ಚಾಲೂ ಮಾಡಿದ ಆಟೋಮ್ಯಾಟಿಕ್ ಕಾರು ಮಧ್ಯಾಹ್ನದ ಹೊತ್ತಿನಂತೆ ನಡೆದುಕೊಳ್ಳುವುದಿಲ್ಲ. ಬಿಸಿಯಾದ ಮೇಲೆ ನಿಮಿಷಕ್ಕೆ 700 ಸುತ್ತಿನ ಆಸುಪಾಸಿನಲ್ಲಿ ಐಡ್ಲಿಂಗ್ ನಿಲ್ಲುವ ಎಂಜಿನ್ ಆಗ 1200, 1500 ಸುತ್ತು ತಿರುಗುತ್ತಿರುತ್ತದೆ. ಲಿವರನ್ನು 'ಡಿ'ಗೆ ತಂದರೆ ಒಂದು ಕ್ಷಣ ತಡೆದು, ತುಸು ಜರ್ಕ್ ಹೊಡೆದು ಗೇರ್ ಹಿಡಿಯುತ್ತದೆ. ರಸ್ತೆಗಿಳಿದ ಮೇಲೂ ಎರಡರಿಂದ ಮೂರಕ್ಕೆ ಏರಬೇಕಾದ ವೇಗದಲ್ಲಿ ಏರದೆ ಎರಡರಲ್ಲೇ ಎಳೆಯುತ್ತದೆ. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ, ಗಾಡಿ ರೇಸ್ ಆಗುತ್ತದೆ, ಗೇರ್ ತಗೊಳ್ಳುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ಎಂಜಿನ್ ತಣ್ಣಗಿದೆ. ವಿವರಣೆ ಸುಳ್ಳಲ್ಲ, ಆದರೆ ಅದರಿಂದ ಕೆಲಸ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಕಾರಿನೊಳಗೆ ತಣ್ಣಗಿರುವ ಅಂಗಗಳು ಮೂರು: ಹೊಗೆಯ ಕೊಳವೆಯಲ್ಲಿರುವ ಕ್ಯಾಟಲಿಸ್ಟ್, ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟ್, ಗೇರ್‌ಬಾಕ್ಸಿನ ಆಯಿಲ್. ಮೂರೂ ಬೇರೆ ಬೇರೆ ಗತಿಯಲ್ಲಿ ಬಿಸಿಯಾಗುತ್ತವೆ, ಮೂರೂ ಬೇರೆ ಬೇರೆ ಕಾರಣಕ್ಕೆ ಎಂಜಿನ್ನಿನ ವೇಗವನ್ನು ಮೇಲಕ್ಕೆ ಒಯ್ಯುತ್ತವೆ. ಈ ಮೂರು ತಾಪಗಳನ್ನು ಬಿಡಿಸಿ ನೋಡದೆ ಬೆಳಗಿನ ಗೇರ್ ಬದಲಾವಣೆ ಅರ್ಥವಾಗುವುದಿಲ್ಲ. ಬಿಡಿಸಿ ನೋಡಿದರೆ ಯಾವುದು ಸಹಜ, ಯಾವುದು ದೋಷ ಎಂಬುದನ್ನೂ ಬಹುಮಟ್ಟಿಗೆ ಹೇಳಬಹುದು ಎಂಬುದು ಈ ಲೇಖನದ ವಾದ.

ಮೊದಲು 'ತಣ್ಣಗೆ' ಎಂಬ ಮಾತನ್ನು ಸರಿಪಡಿಸಿಕೊಳ್ಳಬೇಕು. ಅಮೆರಿಕದ ಎಫ್‌ಟಿಪಿ-75 ಹೊಗೆ ಪರೀಕ್ಷೆಯಲ್ಲಿ ಕಾರನ್ನು 20ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ 12ರಿಂದ 36 ಗಂಟೆ ನಿಲ್ಲಿಸಿ, ಆಮೇಲೆ ಚಾಲೂ ಮಾಡುತ್ತಾರೆ. ಅದರ ಮೊದಲ 505 ಸೆಕೆಂಡುಗಳ ಹೆಸರೇ 'ಶೀತಲ ಆರಂಭ'ದ ಹಂತ. ಅಂದರೆ ಪ್ರಯೋಗಾಲಯದ ಶೀತಲ ಆರಂಭಕ್ಕೆ ಹಿಮ ಬೇಕಿಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರದು. ಜನವರಿಯ ಸಾಮಾನ್ಯ ಮುಂಜಾವಿನಲ್ಲಿ ಅಲ್ಲಿ 15 ಡಿಗ್ರಿ ಆಸುಪಾಸು ಇರುತ್ತದೆ. 90 ಡಿಗ್ರಿಯಲ್ಲಿ ಕೆಲಸ ಮಾಡಲೆಂದು ರೂಪಿಸಿದ ಯಂತ್ರಕ್ಕೆ ಆ 15 ಡಿಗ್ರಿಯೇ ಸಾಕಷ್ಟು ಚಳಿ. ನಮ್ಮ ಊರಲ್ಲಿ ಚಳಿಯೇ ಇಲ್ಲ, ಆದ್ದರಿಂದ ಇದು ಗೇರ್‌ಬಾಕ್ಸಿನ ಕಾಯಿಲೆಯೇ ಇರಬೇಕು ಎಂಬ ತರ್ಕ ಇಲ್ಲಿಗೇ ಬಿದ್ದುಹೋಗುತ್ತದೆ.

ಮೂರರಲ್ಲಿ ಬೇಗ ಬಿಸಿಯಾಗುವುದು ಕ್ಯಾಟಲಿಸ್ಟ್. 1975ರ ಮಾದರಿಗಳಿಂದ ಅಮೆರಿಕದ ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಈ ಅಂಗ ಸುಮಾರು 250ರಿಂದ 300 ಡಿಗ್ರಿ ಮುಟ್ಟುವವರೆಗೆ ಹೊಗೆಯನ್ನು ಶುದ್ಧಗೊಳಿಸುವುದಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದು. ಗೋಡೆಗಂಟಿದ ಪಾಲನ್ನು ಸರಿದೂಗಿಸಲು ಹೆಚ್ಚು ಇಂಧನ ಸುರಿಯಬೇಕಾಗುತ್ತದೆ, ಅದರಲ್ಲಿ ಒಂದಷ್ಟು ಉರಿಯದೆ ಹೊರಬೀಳುತ್ತದೆ. ಅತಿ ಹೆಚ್ಚು ಕೊಳಕು ಹೊರಬೀಳುವ ಹೊತ್ತಿನಲ್ಲೇ ಅದನ್ನು ತೊಳೆಯುವ ಅಂಗ ಮಲಗಿರುತ್ತದೆ. ಯೂರೋಪಿನ ಪರೀಕ್ಷೆಯಲ್ಲಿ ಚಾಲೂ ಮಾಡಿದ ಮೊದಲ 40 ಸೆಕೆಂಡಿನ ಹೊಗೆಯನ್ನು ಹಿಂದೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. 2000ದಲ್ಲಿ ಬಂದ ಯೂರೋ 3 ನಿಯಮ ಆ ವಿನಾಯಿತಿಯನ್ನು ತೆಗೆದುಹಾಕಿತು. ಅಂದಿನಿಂದ ತಯಾರಕರಿಗೆ ಆ 40 ಸೆಕೆಂಡು ಬಹಳ ಬೆಲೆಬಾಳುವ ಕಾಲವಾಯಿತು. ಕ್ಯಾಟಲಿಸ್ಟನ್ನು ಬೇಗ ಕಾಯಿಸಲು ಎಂಜಿನ್ ಕಂಪ್ಯೂಟರ್ ಬೇಕೆಂದೇ ಕಿಡಿಯನ್ನು ತಡಮಾಡುತ್ತದೆ. ತಡವಾಗಿ ಹೊತ್ತಿದ ಇಂಧನ ಪಿಸ್ಟನ್ನನ್ನು ತಳ್ಳುವ ಬದಲು ಹೊಗೆಯನ್ನು ಕಾಯಿಸುತ್ತದೆ. ಹಾಗೆ ಕಳೆದುಕೊಂಡ ಬಲವನ್ನು ತುಂಬಲು ಹೆಚ್ಚು ಗಾಳಿ ಬಿಡಬೇಕು, ಸುತ್ತು ಏರಿಸಬೇಕು. ಬೆಳಗಿನ ಏರು ಐಡ್ಲಿಂಗ್‌ನ ದೊಡ್ಡ ಪಾಲು ಹೀಗೆ ಉದ್ದೇಶಪೂರ್ವಕವಾದದ್ದು. ಉಳಿದ ಪಾಲು ಘರ್ಷಣೆಯದು: 20 ಡಿಗ್ರಿಯಲ್ಲಿ ಎಂಜಿನ್ನಿನ ಒಳ ಘರ್ಷಣೆ, ಪೂರ್ತಿ ಕಾದ ಸ್ಥಿತಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿರುತ್ತದೆ.

ಏರಿದ ಐಡ್ಲಿಂಗ್ ಗೇರ್‌ಬಾಕ್ಸನ್ನು ಮುಟ್ಟುವುದು ಟಾರ್ಕ್ ಕನ್ವರ್ಟರಿನ ಮೂಲಕ. ಜರ್ಮನಿಯ ಹರ್ಮನ್ ಫಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಪೇಟೆಂಟ್ ಪಡೆದ ತತ್ತ್ವ ಅದು: ಎಂಜಿನ್ ತಿರುಗಿಸುವ ಒಂದು ಚಕ್ರ ಆಯಿಲನ್ನು ಎಸೆಯುತ್ತದೆ, ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗುತ್ತದೆ. ಎದುರಿನ ಚಕ್ರವನ್ನು ಬ್ರೇಕ್ ಹಿಡಿದು ನಿಲ್ಲಿಸಿದಾಗ ಕನ್ವರ್ಟರ್ ಹೀರುವ ತಿರುಚುಬಲ ಎಂಜಿನ್ ವೇಗದ ವರ್ಗದಂತೆ ಏರುತ್ತದೆ. 700 ಸುತ್ತಿನಿಂದ 1300ಕ್ಕೆ ಹೋದರೆ ವೇಗ ಎರಡು ಪಟ್ಟೂ ಆಗಿಲ್ಲ, ಆದರೆ ಬಲ ಸುಮಾರು ಮೂರೂವರೆ ಪಟ್ಟಾಗಿರುತ್ತದೆ. ಬೆಳಗ್ಗೆ ಬ್ರೇಕ್ ಬಿಟ್ಟೊಡನೆ ಕಾರು ಮುನ್ನುಗ್ಗುವುದು, 'ಡಿ'ಗೆ ಹಾಕಿದಾಗ ಧಡಕ್ಕೆನ್ನುವುದು ಇದರಿಂದ. ಇಂದಿನ ಕಂಪ್ಯೂಟರ್‌ಗಳು ಲಿವರ್ 'ಡಿ'ಗೆ ಬಂದ ಕೂಡಲೇ ಸುತ್ತನ್ನು ಇಳಿಸುತ್ತವೆ. ಕಾರ್ಬ್ಯುರೇಟರ್ ಕಾಲದಲ್ಲಿ ಆ ಅನುಕೂಲವಿರಲಿಲ್ಲ. ಚೋಕ್ ಮುಚ್ಚಿದಾಗ ಮೆಟ್ಟಿಲು ಮೆಟ್ಟಿಲಾದ ಒಂದು ಕ್ಯಾಮ್ ಥ್ರಾಟಲನ್ನು ತುಸು ತೆರೆದೇ ಹಿಡಿಯುತ್ತಿತ್ತು. ಚಾಲಕ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಅದನ್ನು ಬೀಳಿಸದೆ ಗೇರ್ ಹಾಕಿದರೆ ಇಡೀ ಕಾರು ಅಲುಗುತ್ತಿತ್ತು.

ಆ ಕಾಲದ ಗೇರ್‌ಬಾಕ್ಸಿಗೆ ತಾಪವೆಂಬುದೇ ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ತಂದ ಹೈಡ್ರಾಮ್ಯಾಟಿಕ್ ನಾಲ್ಕು ಗೇರಿನದು. ಅದು ತೂಗಿ ನೋಡುತ್ತಿದ್ದದ್ದು ಎರಡು ಒತ್ತಡಗಳನ್ನು ಮಾತ್ರ: ಕಾರಿನ ವೇಗದೊಂದಿಗೆ ಏರುವ ಗವರ್ನರ್ ಒತ್ತಡ, ಚಾಲಕನ ಕಾಲಿನೊಂದಿಗೆ ಏರುವ ಥ್ರಾಟಲ್ ಒತ್ತಡ. ಮೊದಲನೆಯದು ಗೆದ್ದಾಗ ಮೇಲಿನ ಗೇರ್. ಹಾಗಿದ್ದರೂ ಆ ಪೀಳಿಗೆಯ ಕಾರುಗಳು ಚಳಿಯಲ್ಲಿ ತಡವಾಗಿಯೇ ಗೇರ್ ಏರಿಸುತ್ತಿದ್ದವು. ಘರ್ಷಣೆ ಹೆಚ್ಚಿರುವ ಎಂಜಿನ್ನಿನಿಂದ ಅದೇ ವೇಗ ಪಡೆಯಲು ಚಾಲಕ ಹೆಚ್ಚು ತುಳಿಯುತ್ತಾನೆ. ಗೇರ್‌ಬಾಕ್ಸ್ ಅದನ್ನು ಭಾರವೆಂದು ಓದಿಕೊಂಡು ಕೆಳಗಿನ ಗೇರಿನಲ್ಲೇ ಉಳಿಯುತ್ತದೆ. ಯಾರೂ ಬರೆದಿಡದೆ, ಎಂಜಿನ್ನಿನ ಚಳಿ ಚಾಲಕನ ಕಾಲಿನ ಮೂಲಕವೇ ಗೇರ್‌ಬಾಕ್ಸಿಗೆ ದಾಟುತ್ತಿತ್ತು. ಈ ದಾಟುವಿಕೆ ಇಂದಿನ ಕಾರುಗಳಲ್ಲೂ ಇದೆ, ಅದರ ಮೇಲೆ ಲೆಕ್ಕಾಚಾರದ ಇನ್ನೊಂದು ಪದರ ಕೂತಿದೆ ಅಷ್ಟೆ.

ಇನ್ನು ಆಯಿಲ್. ಗೇರ್‌ಬಾಕ್ಸಿನಲ್ಲಿ ಅದು ಜಾರಿಸುವ ವಸ್ತು ಮಾತ್ರವಲ್ಲ. ಬಲವನ್ನು ಸಾಗಿಸುವುದೂ, ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದೂ, ಶಾಖವನ್ನು ಒಯ್ಯುವುದೂ ಅದೇ. ಡೆಕ್ಸ್ರಾನ್ 3 ಬಗೆಯ ಆಯಿಲಿನ ಸ್ನಿಗ್ಧತೆ 40 ಡಿಗ್ರಿಯಲ್ಲಿ ಸುಮಾರು 34 ಸೆಂಟಿಸ್ಟೋಕ್ಸ್, 100 ಡಿಗ್ರಿಯಲ್ಲಿ ಸುಮಾರು 7.3. ಈ ಎರಡು ಅಂಕೆಗಳನ್ನು ಹಿಡಿದು ವಾಲ್ಟರ್ ಸಮೀಕರಣದಿಂದ ಲೆಕ್ಕ ಹಾಕಿದರೆ 90 ಡಿಗ್ರಿಯಲ್ಲಿ 9ರಷ್ಟೂ, 15 ಡಿಗ್ರಿಯಲ್ಲಿ 95ರಷ್ಟೂ ಬರುತ್ತದೆ. ಬೆಂಗಳೂರಿನ ಜನವರಿ ಮುಂಜಾವಿನಲ್ಲೇ ಹತ್ತು ಪಟ್ಟಿಗೂ ಮಿಗಿಲಾದ ದಪ್ಪ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಅದು 900ರ ಸಮೀಪ ಹೋಗುತ್ತದೆ, ಸುಮಾರು ನೂರು ಪಟ್ಟು. 2005ರಲ್ಲಿ ಬಂದ ಡೆಕ್ಸ್ರಾನ್ 6 ಇದಕ್ಕಿಂತ ತೆಳು.

ಆಯಿಲ್ ದಪ್ಪವಾದರೆ ಎಲ್ಲವೂ ನಿಧಾನವಾಗುತ್ತದೆ ಎಂದುಕೊಳ್ಳುವುದು ಸರಿಯಲ್ಲ. ಚೂಪು ಅಂಚಿನ ಸಣ್ಣ ರಂಧ್ರದ ಮೂಲಕ ಹರಿಯುವ ಆಯಿಲಿಗೆ ಸ್ನಿಗ್ಧತೆಯ ಕಾಟ ಕಡಿಮೆ, ಅಲ್ಲಿ ನಡೆಯುವುದು ಸಾಂದ್ರತೆಯ ಆಟ. ಆಯಿಲನ್ನು ಕ್ಲಚ್ಚುಗಳಿಗೆ ಹಂಚುವ ವಾಲ್ವ್ ಬಾಡಿಯಲ್ಲಿ ಅಂಥ ರಂಧ್ರಗಳನ್ನೇ ಹೆಚ್ಚಾಗಿ ಬಳಸುವುದಕ್ಕೆ ಇದೂ ಒಂದು ಕಾರಣ. ಕಾಟವಿರುವುದು ಉದ್ದನೆಯ ಕಿರಿದಾದ ಹಾದಿಗಳಲ್ಲಿ, ಸಣ್ಣ ಸಂದುಗಳಲ್ಲಿ. ಕ್ಲಚ್ಚಿನ ಪಿಸ್ಟನ್ನಿನ ಹಿಂದೆ ಆಯಿಲ್ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ, ಗೇರ್ ಹಿಡಿಯುವುದು ತಡವಾಗುತ್ತದೆ. ಅದೇ ದಪ್ಪ ಆಯಿಲ್ ಸವೆದ ಸೀಲುಗಳ ಸಂದಿನಲ್ಲಿ ಸೋರುವುದಿಲ್ಲ. ಆದ್ದರಿಂದಲೇ ಹಳೆಯ ಗೇರ್‌ಬಾಕ್ಸೊಂದು ಬೆಳಗ್ಗೆ ಚೆನ್ನಾಗಿದ್ದು, ಬಿಸಿಯಾದ ಮೇಲೆ ಜಾರತೊಡಗುವುದು. ಇದಕ್ಕೆ ತದ್ವಿರುದ್ಧವಾದದ್ದು ಗಟ್ಟಿಯಾದ ರಬ್ಬರ್ ಸೀಲಿನ ದೋಷ: ಬೆಳಗ್ಗೆ ರಿವರ್ಸ್ ಹಿಡಿಯಲು ಹಲವು ಸೆಕೆಂಡು ತಡ, ಸೀಲ್ ಮೆತ್ತಗಾದ ಮೇಲೆ ಎಲ್ಲವೂ ಸರಿ. ಒಂದೇ ಚಳಿ ಒಂದು ರೋಗವನ್ನು ಮುಚ್ಚುತ್ತದೆ, ಇನ್ನೊಂದನ್ನು ತೋರಿಸುತ್ತದೆ.

ವಾದದ ತಿರುಳಿಗೆ ಬರುವುದಾದರೆ, 1982ರಲ್ಲಿ ಬಂದ ಜನರಲ್ ಮೋಟರ್ಸ್‌ನ 700ಆರ್4 ಗೇರ್‌ಬಾಕ್ಸ್ ಒಳ್ಳೆಯ ಉದಾಹರಣೆ. ಅದರ ಅನುಪಾತಗಳು 3.06, 1.63, 1.00, 0.70. ಗೇರ್ ಬದಲಾವಣೆ ಆಯಿಲ್ ಒತ್ತಡದಿಂದಲೇ ನಡೆಯುತ್ತಿತ್ತು, ಆದರೆ ಕನ್ವರ್ಟರಿನ ಎರಡು ಚಕ್ರಗಳನ್ನು ಒಂದಕ್ಕೊಂದು ಬಿಗಿಯುವ ಲಾಕ್-ಅಪ್ ಕ್ಲಚ್ಚನ್ನು ಎಂಜಿನ್ ಕಂಪ್ಯೂಟರ್ ನಿಯಂತ್ರಿಸುತ್ತಿತ್ತು. ಆ ಕಂಪ್ಯೂಟರ್ ಕೇಳುತ್ತಿದ್ದದ್ದು ಕೂಲೆಂಟಿನ ತಾಪವನ್ನು. ಅದು ಗೊತ್ತಾದ ಮಟ್ಟ ಮುಟ್ಟುವವರೆಗೆ ಲಾಕ್-ಅಪ್ ಇಲ್ಲ. ತಣ್ಣಗಿನ ಎಂಜಿನ್ನಿನ ದಹನ ಅಸ್ಥಿರವಾಗಿರುತ್ತದೆ; ಅದರ ಕುಲುಕಾಟವನ್ನು ನೇರ ಚಕ್ರಗಳಿಗೆ ಒಯ್ಯುವ ಬದಲು ಆಯಿಲಿನಲ್ಲಿ ತಣಿಸುವುದು ಮೇಲು. ಬೇರೆ ತಯಾರಕರ ಹಲವು ವಿನ್ಯಾಸಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚಳಿಯಲ್ಲಿ ಓವರ್‌ಡ್ರೈವ್ ಗೇರನ್ನೇ, ಅಂದರೆ ಒಂದಕ್ಕಿಂತ ಕಡಿಮೆ ಅನುಪಾತದ ಮೇಲಿನ ಗೇರನ್ನೇ, ತಡೆಹಿಡಿದವು.

ಇವೆರಡರ ಪರಿಣಾಮವನ್ನು 700ಆರ್4ರ ಅನುಪಾತಗಳ ಮೇಲೆಯೇ ಅಳೆಯಬಹುದು. ಟೈರಿನ ಸುತ್ತಳತೆ 2 ಮೀಟರ್, ಹಿಂದಿನ ಆಕ್ಸಲಿನ ಅನುಪಾತ 3.42 ಎಂದಿಟ್ಟುಕೊಳ್ಳೋಣ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ 750 ಸುತ್ತು. ನಾಲ್ಕನೇ ಗೇರಿನಲ್ಲಿ ಲಾಕ್-ಅಪ್ ಬಿಗಿದಿದ್ದರೆ ಎಂಜಿನ್ 1800 ಸುತ್ತಿನ ಹತ್ತಿರ. ಮೂರನೇ ಗೇರಿನಲ್ಲೇ ಉಳಿದು, ಕನ್ವರ್ಟರ್ ನೂರಕ್ಕೆ ಐದರಷ್ಟು ಜಾರುತ್ತಿದ್ದರೆ 2700 ಸುತ್ತು. ಒಂದೇ ವೇಗ, ಒಂದೇ ರಸ್ತೆ, ಒಂದೂವರೆ ಪಟ್ಟು ಸುತ್ತು. ಕಿವಿಗೆ ಇದು ಕೆಟ್ಟ ಗೇರ್‌ಬಾಕ್ಸಿನಂತೆಯೇ ಕೇಳಿಸುತ್ತದೆ.

ಆದರೆ ಕೂಲೆಂಟಿನ ತಾಪ ಗೇರ್‌ಬಾಕ್ಸಿನ ಪರವಾಗಿ ಸಾಕ್ಷಿ ಹೇಳಬಲ್ಲದೆ? ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಕೂಲೆಂಟಿಗೆ ಹೋಗುತ್ತದೆ. ಥರ್ಮೋಸ್ಟ್ಯಾಟ್ ಮುಚ್ಚಿರುವುದರಿಂದ ಕೆಲವೇ ನಿಮಿಷಗಳಲ್ಲಿ ಅದು 60 ಡಿಗ್ರಿ ದಾಟುತ್ತದೆ. ಗೇರ್‌ಬಾಕ್ಸಿಗೆ ಅಂಥ ಒಲೆ ಇಲ್ಲ. ಸಮವೇಗದಲ್ಲಿ 10 ಕಿಲೋವ್ಯಾಟ್ ಸಾಗಿಸುವ ಕನ್ವರ್ಟರ್ ನೂರಕ್ಕೆ ಐದರಷ್ಟು ಜಾರಿದರೆ ಹುಟ್ಟುವ ಶಾಖ 500 ವ್ಯಾಟ್. ಒಂಬತ್ತು ಲೀಟರ್ ಆಯಿಲ್, ಸುಮಾರು 60 ಕಿಲೋ ಲೋಹ ಎಂದು ಹಿಡಿದರೆ ಅಷ್ಟು ಶಾಖದಿಂದ ತಾಪ ಏರುವುದು ನಿಮಿಷಕ್ಕೆ ಒಂದು ಡಿಗ್ರಿಗಿಂತ ಕಡಿಮೆ. ಪಂಪು, ಕ್ಲಚ್ಚುಗಳ ಎಳೆತ, ನಿಂತು ಹೊರಡುವಾಗಿನ ದೊಡ್ಡ ಜಾರಾಟ ಇದಕ್ಕೆ ಸೇರುವುದರಿಂದ ನಿಜದಲ್ಲಿ ಏರಿಕೆ ಬೇಗ. ಆದರೂ ಕೂಲೆಂಟಿನೊಂದಿಗೆ ಅದು ಹೆಜ್ಜೆ ಹಾಕಲಾರದು. ಈಚಿನ ಕಾರುಗಳಲ್ಲಿ ಕೂಲೆಂಟಿನ ಬಿಸಿಯನ್ನು ಗೇರ್‌ಬಾಕ್ಸ್ ಆಯಿಲಿಗೆ ದಾಟಿಸುವ ಶಾಖ ವಿನಿಮಯಕವನ್ನು ಇಡುವುದು ಈ ಕೊರತೆ ತುಂಬಲಿಕ್ಕೇ.

ಟೊರಾಂಟೊ, ಮಿನಿಯಾಪೊಲಿಸ್‌ನಂಥ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಅಂತರ ಚಳಿಗಾಲದ ದಿನನಿತ್ಯದ ಅನುಭವ. ಮನೆಯೊಳಗಿಂದಲೇ ರಿಮೋಟ್ ಒತ್ತಿ, 'ಪಾರ್ಕ್'ನಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ ಹೊರಟರೆ ಕೂಲೆಂಟ್ ಬೆಚ್ಚಗಾಗಿರುತ್ತದೆ. ಭಾರವಿಲ್ಲದೆ ಸುಮ್ಮನೆ ತಿರುಗಿದ ಕನ್ವರ್ಟರಿನಿಂದ ಆಯಿಲಿಗೆ ದಕ್ಕಿದ ಶಾಖ ಮಾತ್ರ ಅತ್ಯಲ್ಪ. ಕೂಲೆಂಟನ್ನಷ್ಟೇ ನಂಬುವ ವ್ಯವಸ್ಥೆ ಆಗ ಹೆಪ್ಪಾದ ಆಯಿಲಿನ ಮೇಲೆಯೇ ಲಾಕ್-ಅಪ್‌ಗೆ ಒಪ್ಪಿಗೆ ಕೊಟ್ಟುಬಿಡುತ್ತದೆ. 700ಆರ್4ರ ವಂಶದಲ್ಲೇ ಮುಂದೆ ಬಂದ 4ಎಲ್60-ಇ ಗೇರ್‌ಬಾಕ್ಸ್ ಹಳೆಯ ಅನುಪಾತಗಳನ್ನೇ ಉಳಿಸಿಕೊಂಡು, ಗೇರ್ ಬದಲಾವಣೆಯನ್ನು ಸೊಲೆನಾಯ್ಡುಗಳಿಗೆ ಒಪ್ಪಿಸಿತು, ಆಯಿಲಿನೊಳಗೇ ಒಂದು ತಾಪ ಸಂವೇದಕವನ್ನು ಇಟ್ಟುಕೊಂಡಿತು. ನನ್ನ ದೃಷ್ಟಿಯಲ್ಲಿ ಸೊಲೆನಾಯ್ಡುಗಳಷ್ಟೇ ಮುಖ್ಯವಾದ ಬದಲಾವಣೆ ಈ ಸಣ್ಣ ಸಂವೇದಕ. ಎಂಜಿನ್ನಿನ ಮಾತಿನ ಮೇಲೆ ನಡೆಯುತ್ತಿದ್ದ ಗೇರ್‌ಬಾಕ್ಸ್ ತನ್ನ ಚಳಿಯನ್ನು ತಾನೇ ಹೇಳಿಕೊಳ್ಳುವಂತಾಯಿತು.

ಸಿವಿಟಿ ಮತ್ತು ಎಎಂಟಿಗಳ ಬಗ್ಗೆ ಇಲ್ಲಿ ಒಂದೆರಡು ಮಾತು ಸಾಕು. ಅನುಪಾತವನ್ನು ನಿರಂತರವಾಗಿ ಬದಲಿಸುವ ಸಿವಿಟಿಯಲ್ಲಿ ಗೇರಿನ ಮೆಟ್ಟಿಲುಗಳಿಲ್ಲದ ಕಾರಣ ಕಂಪ್ಯೂಟರ್ ಬೇಕಾದ ಸುತ್ತಿನಲ್ಲೇ ಎಂಜಿನ್ನನ್ನು ಹಿಡಿದಿಡಬಹುದು, ಬೆಳಗ್ಗೆ ಹಲವು ಕಾರುಗಳಲ್ಲಿ ಹಾಗೆಯೇ ಹಿಡಿದಿಡುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸಿನ ಗೇರುಗಳನ್ನು ಯಂತ್ರವೇ ಬದಲಿಸುವ ಎಎಂಟಿಯಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ. ಅಲ್ಲಿ ಚಳಿಯ ಪ್ರಭಾವ ಬಹುಮಟ್ಟಿಗೆ ಏರಿದ ಐಡ್ಲಿಂಗ್ ಮತ್ತು ದಪ್ಪ ಗೇರ್ ಆಯಿಲಿಗೆ ಸೀಮಿತ.

ಈ ವಿಶ್ಲೇಷಣೆಯ ಪ್ರಾಯೋಗಿಕ ಫಲ ಕಾಲದಲ್ಲಿದೆ. ಏರು ಐಡ್ಲಿಂಗ್ ಒಂದೆರಡು ನಿಮಿಷದಲ್ಲಿ ಇಳಿಯತೊಡಗಿದರೆ ಅದು ಕ್ಯಾಟಲಿಸ್ಟಿನ ಲೆಕ್ಕ. ಐದಾರು ಕಿಲೋಮೀಟರ್ ಹೋದ ಮೇಲೆ ಓವರ್‌ಡ್ರೈವ್ ಬಂದರೆ ಕೂಲೆಂಟಿನ ಲೆಕ್ಕ. ಕಾಲು ಗಂಟೆಯ ಮೇಲೆ ಗೇರ್ ಬದಲಾವಣೆ ನಯವಾದರೆ ಆಯಿಲಿನ ಲೆಕ್ಕ. ಅರ್ಧ ಗಂಟೆ ಓಡಿದರೂ ಕಾರು ಬೆಳಗಿನಂತೆಯೇ ಇದ್ದರೆ ಗೇರ್‌ಬಾಕ್ಸನ್ನು ಬಿಚ್ಚುವ ಮೊದಲು ಎರಡು ಅಗ್ಗದ ಭಾಗಗಳನ್ನು ನೋಡಬೇಕು. ಒಂದು, ತೆರೆದೇ ಸಿಕ್ಕಿಕೊಂಡ ಥರ್ಮೋಸ್ಟ್ಯಾಟ್. ಹೆದ್ದಾರಿಯ ಗಾಳಿಗೆ ರೇಡಿಯೇಟರ್ ತಣ್ಣಗಾಗುತ್ತಲೇ ಇದ್ದು ಕೂಲೆಂಟ್ ನಿಗದಿತ ಮಟ್ಟ ಮುಟ್ಟುವುದೇ ಇಲ್ಲ. ಲಾಕ್-ಅಪ್ ಇಲ್ಲ, ಮೈಲೇಜೂ ಇಲ್ಲ. ಇನ್ನೊಂದು, ಕೂಲೆಂಟಿನ ತಾಪ ಸಂವೇದಕ. ತಣ್ಣಗಾದಷ್ಟೂ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ತಂತಿ ತುಂಡಾದರೆ ಕಂಪ್ಯೂಟರಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ಕಾಣುತ್ತದೆ, ಅದು ಕೂಡಲೇ ಅನುಮಾನಪಟ್ಟು ಎಚ್ಚರಿಕೆಯ ದೀಪ ಹಚ್ಚುತ್ತದೆ. ಕಷ್ಟ ಕೊಡುವುದು ತುಂಡಾದ ತಂತಿಯಲ್ಲ. ಕನೆಕ್ಟರಿನಲ್ಲಿ ಕಿಲುಬು ಹಿಡಿದು ರೋಧ ತುಸು ಏರಿ, 85 ಡಿಗ್ರಿಯ ಎಂಜಿನ್ನನ್ನು 45 ಡಿಗ್ರಿ ಎಂದು ವರದಿ ಮಾಡುವ ಸಂವೇದಕ. 45 ಎಂಬುದು ನಂಬಬಹುದಾದ ಅಂಕೆಯಾದ್ದರಿಂದ ದೀಪ ಹತ್ತದೆಯೂ ಇರಬಹುದು. ಸ್ಕ್ಯಾನರಿನಲ್ಲಿ ಕೂಲೆಂಟಿನ ಅಂಕೆ, ಆಯಿಲಿನ ಅಂಕೆ ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು, ರಾತ್ರಿಯಿಡೀ ನಿಂತ ಕಾರನ್ನು ಚಾಲೂ ಮಾಡುವ ಮುನ್ನವೇ ಓದಬೇಕು. ಆ ಹೊತ್ತಿಗೆ ಎರಡೂ ಹೊರಗಿನ ಗಾಳಿಯ ತಾಪಕ್ಕೆ ಸರಿಹೊಂದಿರಬೇಕು. ಆಮೇಲೆ ಕಾರನ್ನು ಓಡಿಸುತ್ತ, ಕೂಲೆಂಟಿನ ಅಂಕೆ ಮುಂದೆ ಓಡಿ ಆಯಿಲಿನದು ಹಿಂದೆ ಉಳಿಯುವುದನ್ನು ಐದೈದು ನಿಮಿಷಕ್ಕೊಮ್ಮೆ ಗೇರ್ ಮತ್ತು ಸುತ್ತಿನೊಂದಿಗೆ ಬರೆದಿಟ್ಟುಕೊಂಡರೆ, ಬಿಚ್ಚಬೇಕಾದದ್ದು ಗೇರ್‌ಬಾಕ್ಸೋ ಥರ್ಮೋಸ್ಟ್ಯಾಟೋ ಎಂಬುದಕ್ಕೆ ಆ ಒಂದು ಹಾಳೆಯಲ್ಲೇ ಉತ್ತರ ಹುಡುಕಬಹುದು.